ಒಂಬತ್ತನೇ ದಿನಕ್ಕೆ ನಿಲ್ಲುವ ಓದು

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 34. ಮೈಸೂರಿನಲ್ಲಿ ಸರ್ಕಾರಿ ಕೆಲಸ, ದಿನವೂ ರೈಲಿನಲ್ಲಿ ಓಡಾಟ. ಇಲಾಖಾ ಪರೀಕ್ಷೆ ಬರೆಯಬೇಕಿದೆ. 21 ದಿನ ಬಿಡದೆ ಮಾಡಿದ್ದು ಅಭ್ಯಾಸವಾಗುತ್ತದೆ ಎಂದು ಕೇಳಿ, ಬೆಳಗ್ಗೆ 5ಕ್ಕೆ ಎದ್ದು ಓದಲು ಶುರುಮಾಡಿದೆ. ಒಂಬತ್ತನೇ ದಿನ ಅತ್ತೆಯವರಿಗೆ ಜ್ವರ ಬಂದು ತಪ್ಪಿಹೋಯಿತು. ಮತ್ತೆ ಒಂದರಿಂದ ಎಣಿಕೆ. ಹೀಗೆ ನಾಲ್ಕು ಸಲ ಆಯಿತು. ಓದಿದ್ದೂ ತಲೆಯಲ್ಲಿ ನಿಲ್ಲುತ್ತಿಲ್ಲ. ನನಗೆ ಮನೋಬಲ ಸಾಲದೇ?

ಉತ್ತರ: ನಿಮ್ಮ ಮನೋಬಲಕ್ಕೇನೂ ಆಗಿಲ್ಲ. ನಾಲ್ಕು ಸಲ ಎದ್ದು ಕೂತಿದ್ದೀರಿ. ನಾನಾದರೋ ಹೊಸ ವರ್ಷಕ್ಕೆ ಡೈರಿ ಕೊಂಡು ಸಂಕ್ರಾಂತಿಗೆಲ್ಲ ಬಿಟ್ಟವನು. ಕೆಟ್ಟಿರುವುದು ಆ 21ರ ಲೆಕ್ಕ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂದು ಬರೆದರು. ಬಾಯಿಂದ ಬಾಯಿಗೆ ಬರುವಾಗ ‘ಕನಿಷ್ಠ’ ಉದುರಿತು, ‘ಮುಖ’ವೂ ಉದುರಿತು, ಸಂಖ್ಯೆಯೊಂದೇ ಉಳಿಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಅವರ ಅಂದಾಜಿನಂತೆ ಅಭ್ಯಾಸ ಕೂಡಿಬರಲು ಒಬ್ಬರಿಗೆ 18 ದಿನ ಸಾಕು, ಇನ್ನೊಬ್ಬರಿಗೆ 254 ದಿನ ಬೇಕು. ನಡುವಿನ ಸಂಖ್ಯೆ 66. ನಿಮಗೆ ಬೇಕಾದ ಮಾತು ಇನ್ನೊಂದಿದೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ಜ್ವರದ ಮರುದಿನ ನಿಮಗೆ ಹತ್ತನೇ ದಿನವೇ.

ಅಭ್ಯಾಸ ಅಂಟಿಕೊಳ್ಳುವುದು ಗಡಿಯಾರಕ್ಕಿಂತ ಮಿಗಿಲಾಗಿ, ತಾನಾಗಿಯೇ ನಡೆಯುವ ಇನ್ನೊಂದು ಕೆಲಸಕ್ಕೆ. ಬೆಳಗಿನ 5 ಗಂಟೆ ಎಂಬುದು ಮನೆಯವರೆಲ್ಲರ ಪಾಲಿನದು. ಹಾಲು, ತಿಂಡಿ, ಜ್ವರ ಎಲ್ಲವೂ ಅದನ್ನು ಕೇಳುತ್ತವೆ. ನಿಮಗೆ ರೈಲಿದೆಯಲ್ಲ! ಮಂಡ್ಯ ಬಿಟ್ಟೊಡನೆ ಪುಸ್ತಕ ತೆರೆಯಿರಿ. ಶ್ರೀರಂಗಪಟ್ಟಣಕ್ಕೆ ಮುಂಚೆ ಕಾವೇರಿ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾಗುತ್ತದೆ, ತಲೆ ಎತ್ತದಿದ್ದರೂ ಕಿವಿಗೆ ಗೊತ್ತಾಗುತ್ತದೆ. ಆ ಸದ್ದಿಗೆ ಪುಸ್ತಕ ಮುಚ್ಚಿ.

ಮುಚ್ಚಿದ ಮೇಲೆಯೇ ನಿಜವಾದ ಓದು. ಗಳಿಕೆ ರಜೆ ಯಾವ ತಿಂಗಳಲ್ಲಿ ಎಷ್ಟು ಜಮೆಯಾಗುತ್ತದೆ? ಪುಟ ತಿರುವದೆ ಹೇಳಿಕೊಳ್ಳಿ. ಜನವರಿಯಲ್ಲಿ 15, ಜುಲೈಯಲ್ಲಿ 15. ನೆನಪಾಗದೆ ತಡಕಾಡಿದರೂ ಪರವಾಗಿಲ್ಲ, ಆ ತಡಕಾಟವೇ ಕೆಲಸ ಮಾಡುವುದು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರು ಅವರನ್ನು ಹಿಂದಿಕ್ಕಿದರು. ಹಳದಿ ಗೆರೆ ಎಳೆದ ಪುಟವನ್ನೇ ಮತ್ತೆ ನೋಡುತ್ತಿದ್ದರೆ ಎಲ್ಲವೂ ಬರುತ್ತದೆ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೇ.

ಸೀಟು ಸಿಗದ ದಿನ ನಿಂತುಕೊಂಡೇ ಹಿಂದಿನ ದಿನದ್ದನ್ನು ನೆನಪಿಸಿಕೊಳ್ಳಿ, ಅದಕ್ಕೆ ಪುಸ್ತಕವೂ ಬೇಡ. ಸಂಜೆಯ ರೈಲಿನಲ್ಲಿ ಓದಬೇಡಿ, ಗೆಳತಿಯರೊಡನೆ ಹರಟಿ. ಭಾನುವಾರ ರೈಲೂ ಇಲ್ಲ, ಓದೂ ಇಲ್ಲ. ಸೋಮವಾರ ಮಾತ್ರ ಪುಸ್ತಕ ತೆರೆಯುವ ಮೊದಲು, ಶನಿವಾರ ಓದಿದ್ದರಲ್ಲಿ ಉಳಿದದ್ದನ್ನು ಒಂದು ಚೀಟಿಯ ಮೇಲೆ ಬರೆಯಿರಿ. ಮೊದಮೊದಲು ಚೀಟಿ ಅರ್ಧಕ್ಕರ್ಧ ಖಾಲಿ ಇರುತ್ತದೆ. ಹರಿದು ಹಾಕಬೇಡಿ, ಪುಸ್ತಕದೊಳಗೇ ಇರಲಿ.