ಬಡ ಮಗುವಿಗೆ ನೆರವಾಗಬೇಕು: ಆಶ್ರಮಕ್ಕೆ ಕೊಡಲೇ, ತಾಯಿಗೆ ಕೊಡಲೇ?

ಮೊದಲ ಸಂಬಳ ಬಂದಿದೆ, ತಿಂಗಳಿಗೊಂದಿಷ್ಟು ಬಡ ಮಗುವಿಗೆ ಹೋಗಲಿ, ಅನಾಥಾಶ್ರಮಕ್ಕೆ ಕೊಡುವುದೋ, ಕಷ್ಟದಲ್ಲಿರುವ ತಾಯಂದಿರ ಜೊತೆ ಕೆಲಸ ಮಾಡುವ ಸಂಸ್ಥೆಗೋ ಅಂತ ಕೇಳಿದ್ದೀರಿ. ನಾನಾಗಿದ್ದರೆ ಎರಡನೆಯದಕ್ಕೆ ಕೊಡುತ್ತೇನೆ.

ನಾಲ್ಕು ವರ್ಷ ನಾನು ರಜಾದಿನಗಳಲ್ಲಿ ಒಂದು ಮಕ್ಕಳ ಆಶ್ರಮದ ಲೆಕ್ಕ ಬರೆದುಕೊಡುತ್ತಿದ್ದೆ. ಒಂದು ಸಲ ಮಕ್ಕಳ ದಾಖಲಾತಿ ಪುಸ್ತಕ ಕೈಗೆ ಬಂತು. ತಾಯಿಯ ಹೆಸರು, ವಿಳಾಸದ ಜಾಗ ಖಾಲಿ ಇರುತ್ತದೆ ಅಂದುಕೊಂಡಿದ್ದೆ. ಹೆಚ್ಚಿನ ಪುಟಗಳಲ್ಲಿ ಅದು ತುಂಬಿತ್ತು! ಬಾಗಿಲ ಮೇಲೆ ಅನಾಥಾಶ್ರಮ ಅಂತ ಬೋರ್ಡು, ಒಳಗೆ ಅಮ್ಮ ಇರುವ ಮಕ್ಕಳು. ಆಮೇಲೆ ಓದಿದಾಗ ಗೊತ್ತಾಯಿತು, ಇದು ನಮ್ಮೊಬ್ಬರ ಕಥೆಯಲ್ಲ. ಇಂಥ ಕಡೆ ಬೆಳೆಯುವ ಐದು ಮಕ್ಕಳಲ್ಲಿ ನಾಲ್ವರಿಗಾದರೂ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಬದುಕಿರುತ್ತಾರೆ ಅಂತ ಸೇವ್ ದ ಚಿಲ್ಡ್ರನ್ ಸಂಸ್ಥೆಯ 2009ರ ವರದಿ ಹೇಳಿತ್ತು.

ಒಬ್ಬ ಹೆಂಗಸು ಪ್ರತಿ ವಾರ ಮಗಳನ್ನು ನೋಡಲು ಬರುತ್ತಿದ್ದರು. ತಲೆ ಬಾಚಿ, ಒಂದು ಗಂಟೆ ಕೂತು ಹೋಗುತ್ತಿದ್ದರು. ಗಂಡ ತೀರಿಕೊಂಡಿದ್ದ. ಕೆಲಸಕ್ಕೆ ಹೋದರೆ ಮಗು ನೋಡುವವರಿಲ್ಲ, ಹೋಗದಿದ್ದರೆ ಮನೆ ಬಾಡಿಗೆಗಿಲ್ಲ. ಸುಮ್ನೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ಅಡುಗೆಯವರು, ಕಾವಲುಗಾರ, ಕಟ್ಟಡದ ರಿಪೇರಿ ಎಲ್ಲ ಸೇರಿ ಆ ಮಗುವಿನ ಮೇಲೆ ನಾವು ಮಾಡುತ್ತಿದ್ದ ಖರ್ಚು ಆ ಮನೆಯ ಬಾಡಿಗೆಗಿಂತ ಜಾಸ್ತಿ ಇತ್ತು. ಲೆಕ್ಕ ಬರೆಯುವವನಾಗಿ ಇಷ್ಟು ದಿನ ಇದು ಕಣ್ಣಿಗೇ ಬಿದ್ದಿರಲಿಲ್ಲ ಅಂತ ನಾಚಿಕೆಯಾಯಿತು.

ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂತ ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯಲ್ಲೇ ಇದೆ. ಇದು ಬರೀ ಭಾವನೆಯ ಮಾತೂ ಅಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಆಶ್ರಮದ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟಿದ್ದರು. ಆ ಮಕ್ಕಳ ಬುದ್ಧಿ ಬೆಳವಣಿಗೆ ಉಳಿದವರಿಗಿಂತ ಚೆನ್ನಾಗಿತ್ತು. ಎರಡು ವರ್ಷ ತುಂಬುವ ಮುಂಚೆ ಹೋದವರದ್ದು ಇನ್ನೂ ಚೆನ್ನಾಗಿತ್ತು. ಹೊಟ್ಟೆಗೆ, ಬಟ್ಟೆಗೆ ಕೊಟ್ಟರೂ ಎತ್ತಿಕೊಳ್ಳುವ ಒಬ್ಬರು ಬೇಕು, ಅಲ್ವಾ?

'ದುಡ್ಡು ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ' ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ವಿಶ್ವಬ್ಯಾಂಕಿನವರು 2014ರಲ್ಲಿ ಒಟ್ಟಿಗೆ ನೋಡಿದಾಗ ಹೆಂಡ, ತಂಬಾಕಿನ ಖರ್ಚು ಹೆಚ್ಚಿದ್ದು ಕಾಣಲಿಲ್ಲ.

ದುಡ್ಡಿನ ಜೊತೆ ದುಡಿಮೆಯ ದಾರಿಯನ್ನೂ ಕೊಡುವ ಸಂಸ್ಥೆ ಸಿಕ್ಕರೆ ಇನ್ನೂ ಒಳ್ಳೆಯದು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡು ಬಡ ಹೆಂಗಸರಿಗಾಗಿ ಹೀಗೊಂದು ಕೆಲಸ ಶುರುಮಾಡಿತು. ಹಸುವನ್ನೋ ಆಡನ್ನೋ ಕೊಡುವುದು, ಕೆಲವು ತಿಂಗಳು ಕೈಖರ್ಚಿಗೆ ಹಣ, ಉಳಿತಾಯ, ಮೇಲ್ವಿಚಾರಕರು ಆಗಾಗ ಮನೆಗೆ ಬಂದು ವಿಚಾರಿಸುವುದು. ಇದೇ ದಾರಿಯನ್ನು ಆರು ದೇಶಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು. ನೆರವು ನಿಂತು ಒಂದು ವರ್ಷವಾದ ಮೇಲೂ ಒಟ್ಟಾರೆ ಆ ಮನೆಗಳು ನೆರವು ಸಿಗದ ಅಂಥದ್ದೇ ಮನೆಗಳಿಗಿಂತ ಚೆನ್ನಾಗಿ ಉಣ್ಣುತ್ತಿದ್ದವು. ಎಲ್ಲ ಕಡೆಯೂ ಗೆದ್ದಿತು ಅಂದುಕೊಳ್ಳಬೇಡಿ. ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳು ರೋಗ ಬಂದು ಸತ್ತವು.

ಆಶ್ರಮಗಳೇ ಬೇಡ ಅಂತ ನಾನು ಹೇಳುವುದಿಲ್ಲ. ಯಾರೂ ಇಲ್ಲದ ಮಕ್ಕಳಿದ್ದಾರೆ, ಮನೆಯಲ್ಲೇ ಹೊಡೆತ ತಿನ್ನುವ ಮಕ್ಕಳೂ ತಾಯಂದಿರೂ ಇದ್ದಾರೆ. ಅವರಿಗೆ ಒಂದು ಸೂರು ಬೇಕೇ ಬೇಕು. ಹಾಗೆ ಕೊಡುವುದಾದರೆ ಆಡಿಟ್ ವರದಿಯ ಜೊತೆ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ಎಷ್ಟು ಮಕ್ಕಳು ವಾಪಸ್ ಮನೆ ಸೇರಿದರು? ಒಳ್ಳೆಯ ಸಂಸ್ಥೆಯವರಿಗೆ ಅದು ಬಾಯಲ್ಲೇ ಇರುತ್ತದೆ. ಬಂದವರ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುವ ಕಡೆ ನನಗಂತೂ ಅನುಮಾನ. ನಮ್ಮಲ್ಲಿ ಒಬ್ಬಳು ಒಂದೇ ದಿನ ಮೂರು ಗುಂಪಿನ ಮುಂದೆ ಅದೇ ಹಾಡು ಹೇಳಿದ್ದಳು.

ಈಗಾಗಲೇ ಎಲ್ಲಾದರೂ ಕೊಡುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ. ಕೆಲವು ತಿಂಗಳು ಮೊದಲೇ ಹೇಳಿ. ನೀವು ಕೈಬಿಟ್ಟ ತಿಂಗಳು ಕಡಿಮೆ ಬೀಳುವುದು ಮಕ್ಕಳ ತಟ್ಟೆಗೇ.