ಓದುಗರ ಪ್ರಶ್ನೆ: ತಾರಾಗೋನದಲ್ಲಿ ಒಂದು ದಿನ

ಪ್ರಶ್ನೆ: ಕಾಫಿ ಮತ್ತು ಕಾಳುಮೆಣಸಿನ ಕೊಯ್ಲು ಮುಗಿಸಿಕೊಂಡು ಏಪ್ರಿಲ್‌ನಲ್ಲಿ ನಾನೂ ನನ್ನ ಪತಿಯೂ ಬಾರ್ಸಿಲೋನಾದಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ತಾರಾಗೋನ ಮತ್ತು ಸಿಟ್ಜಸ್ ಎಂಬ ಎರಡು ಕಡಲತಡಿಯ ಊರುಗಳನ್ನು ಒಂದೇ ದಿನದಲ್ಲಿ ತೋರಿಸುವ ಬಸ್ ಪ್ರವಾಸಕ್ಕೆ ಹಣ ಕಟ್ಟಬೇಕೆ, ನಾವೇ ರೈಲಿನಲ್ಲಿ ಹೋಗಿ ಬಂದರೆ ಸಾಲದೆ? ರೋಮನ್ ಅವಶೇಷಗಳನ್ನು ನೋಡುವ ಆಸೆ ಬಹಳವಿದೆ. ಪತಿಗೆ ಮಂಡಿನೋವಿದೆ.
— ಓದುಗರೊಬ್ಬರು, ಸಿದ್ದಾಪುರ

ಉತ್ತರ: ಮಾರ್ಗದರ್ಶಕರೊಂದಿಗೇ ಹೋಗಿ. ಆದರೆ ಹಣ ಕಟ್ಟುವ ಮೊದಲು ತಾರಾಗೋನದಲ್ಲಿ ಎಷ್ಟು ಗಂಟೆ ನಿಲ್ಲಿಸುತ್ತಾರೆಂದು ಕೇಳಿ. ಮೂರು ಗಂಟೆಗಿಂತ ಕಡಿಮೆಯಾದರೆ ಆ ಪ್ರವಾಸವನ್ನು ಬಿಟ್ಟುಬಿಡಿ.

ಕಾರಣವಿಷ್ಟೇ: ಹಂಪಿಯಲ್ಲಿ ಪಾಳುಬಿದ್ದ ನಗರ ನಮ್ಮ ಕಣ್ಣೆದುರಿಗೇ ಹರಡಿಕೊಂಡಿರುತ್ತದೆ, ತಾರಾಗೋನದಲ್ಲಿ ಹಾಗಲ್ಲ, ಹಳೆಯ ರೋಮ್ ಇಂದಿನ ಜನರ ಮನೆ, ಅಂಗಡಿ, ಚೌಕಗಳ ಒಳಗೂ ಅಡಿಯಲ್ಲೂ ಸೇರಿಹೋಗಿದೆ. ಮೊದಲ ಸಲ ಒಬ್ಬನೇ ಹೋದಾಗ ನಾನು ಪ್ಲಾಸಾ ದೆ ಲಾ ಫೋಂತ್ ಎಂಬ ಚೌಕದಲ್ಲಿ ಕುಳಿತು ಕಾಫಿ ಕುಡಿದು ಎದ್ದೆ. ಒಂದನೆಯ ಶತಮಾನದ ಕೊನೆಯಲ್ಲಿ ಕಟ್ಟಿದ, ಸುಮಾರು 325 ಮೀಟರ್ ಉದ್ದದ ರಥಗಳ ಓಟದ ಕಣದ ಮೇಲೆಯೇ ನಾನು ಕುಳಿತಿದ್ದೆನೆಂಬುದು ಎರಡನೆಯ ಭೇಟಿಯಲ್ಲಿ, ಮಾರ್ಗದರ್ಶಕಿಯೊಬ್ಬರು ಪಕ್ಕದ ಕಟ್ಟಡದೊಳಗಿನ ಕಲ್ಲಿನ ಕಮಾನನ್ನು ತೋರಿಸಿದಾಗಲೇ ತಿಳಿದದ್ದು. ನಮ್ಮ ಮಡಿಕೇರಿ ಕೋಟೆಯನ್ನು ನೆನೆಸಿಕೊಳ್ಳಿ: ಅರಮನೆ, ಬ್ರಿಟಿಷರ ಕಾಲದ ಚರ್ಚು, ಕಲ್ಲಾನೆಗಳು ಒಂದೇ ಆವರಣದಲ್ಲಿವೆ, ಬಲ್ಲವರು ಜೊತೆಗಿದ್ದರೆ ಮಾತ್ರ ಯಾವುದು ಯಾವ ಕಾಲದ್ದೆಂದು ಬಿಡಿಸಿ ನೋಡಲು ಸಾಧ್ಯ.

ಕ್ರಿ.ಪೂ. 218ರಲ್ಲಿ, ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನೊಡನೆ ಯುದ್ಧ ನಡೆಯುತ್ತಿದ್ದಾಗ, ರೋಮನ್ ಸೇನೆ ಇಲ್ಲಿ ಬೀಡುಬಿಟ್ಟಿತು. ಆ ಬೀಡೇ ಬೆಳೆದು ತರಾಕೊ ಎಂಬ ಪ್ರಾಂತೀಯ ರಾಜಧಾನಿಯಾಯಿತು, ಸ್ವತಃ ಸಾಮ್ರಾಟ ಅಗಸ್ಟಸ್ ಕೆಲಕಾಲ ಇಲ್ಲಿದ್ದು ಆಡಳಿತ ನಡೆಸಿದ. ಇಲ್ಲಿನ ಅವಶೇಷಗಳು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಎರಡನೆಯ ಶತಮಾನದ ವೃತ್ತರಂಗವನ್ನು (ಸುತ್ತಲೂ ಮೆಟ್ಟಿಲಾಸನಗಳಿರುವ ಆಂಫಿಥಿಯೇಟರ್) ಮಾತ್ರ ಅವಸರದಲ್ಲಿ ನೋಡಬೇಡಿ. ಬಂಡೆಯ ಇಳಿಜಾರನ್ನೇ ಒಂದು ಕಡೆ ಮೆಟ್ಟಿಲಾಗಿ ಕಡಿದಿದ್ದಾರೆ, ಮೇಲೆ ಕುಳಿತವರಿಗೆ ಕಣದಾಚೆ ಮೆಡಿಟರೇನಿಯನ್ ಸಮುದ್ರ ಕಾಣುತ್ತದೆ. ಕ್ರಿ.ಶ. 259ರಲ್ಲಿ ಬಿಷಪ್ ಫ್ರುಕ್ಟುವೋಸಸ್ ಮತ್ತು ಅವರ ಇಬ್ಬರು ಸಹಾಯಕರನ್ನು ಇದೇ ಕಣದಲ್ಲಿ ಜೀವಂತ ಸುಟ್ಟರು. ಮುಂದೆ ಅದೇ ನೆಲದ ಮೇಲೆ ಒಂದು ಚರ್ಚು, ಅದು ಬಿದ್ದ ಮೇಲೆ 12ನೆಯ ಶತಮಾನದಲ್ಲಿ ಇನ್ನೊಂದು ಚರ್ಚು ಎದ್ದವು. ಅವುಗಳ ತಳಪಾಯ ಕಣದ ನಡುವೆ ಇಂದಿಗೂ ಇದೆ.

ಮೆಣಸು ಬೆಳೆಯುವ ನಿಮಗೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಸುಮಾರು ಕ್ರಿ.ಶ. 73ರಲ್ಲಿ ಈ ಪ್ರಾಂತದ ಹಣಕಾಸಿನ ಅಧಿಕಾರಿಯಾಗಿದ್ದವನು ಹಿರಿಯ ಪ್ಲಿನಿ ಎಂಬ ರೋಮನ್ ಲೇಖಕ. ಕಾಳುಮೆಣಸಿನಲ್ಲಿ ಖಾರವೊಂದನ್ನು ಬಿಟ್ಟು ಮೆಚ್ಚುವಂಥದ್ದೇನೂ ಇಲ್ಲ, ಆದರೂ ಅದಕ್ಕಾಗಿ ಇಂಡಿಯಾದವರೆಗೆ ಹೋಗುತ್ತೇವೆ ಎಂದು ಆಕ್ಷೇಪಿಸಿದವನು ಆತನೇ. ಅವನು ಬರೆದಿಟ್ಟ ದರದ ಪ್ರಕಾರ ಕಾಳುಮೆಣಸಿಗೆ ರೋಮನ್ ರಾತಲಿಗೆ 4 ದಿನಾರಿಯಸ್ (ರೋಮನ್ನರ ಬೆಳ್ಳಿ ನಾಣ್ಯ), ಬಿಳಿಮೆಣಸಿಗೆ 7, ಹಿಪ್ಪಲಿಗೆ 15. ಪಶ್ಚಿಮಘಟ್ಟದ ಬಳ್ಳಿಯ ಕಾಳು ಮಲಬಾರಿನ ಬಂದರುಗಳಿಂದ ಹಡಗೇರಿ ಹೋಗುತ್ತಿದ್ದ ಲೋಕದ ಇನ್ನೊಂದು ತುದಿಯನ್ನು ನೀವು ಅಲ್ಲಿ ನಿಂತು ನೋಡುತ್ತೀರಿ ಎಂಬುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಊರಿನಿಂದ ಸುಮಾರು 4 ಕಿ.ಮೀ. ದೂರದಲ್ಲಿ, ಕಾಡಿನ ನಡುವೆ, ನೀರು ತರಲು ಕಟ್ಟಿದ 27 ಮೀಟರ್ ಎತ್ತರದ ಕಮಾನು ಸೇತುವೆಯಿದೆ. ಕೆಳಸಾಲಿನಲ್ಲಿ 11, ಮೇಲ್ಸಾಲಿನಲ್ಲಿ 25 ಕಮಾನುಗಳು. ಬಸ್ಸು ಅಲ್ಲಿ ನಿಲ್ಲುತ್ತದೆಯೇ ಎಂದೂ ವಿಚಾರಿಸಿ, ಏಕೆಂದರೆ ರೈಲಿನಲ್ಲಿ ಹೋದವರಿಗೆ ಇದು ಸುಲಭವಾಗಿ ಸಿಗುವುದಿಲ್ಲ. ಸಿಟ್ಜಸ್ ಚೆಂದದ ಊರು: ಬಂಡೆಯ ಮೇಲಿನ ಚರ್ಚು, ಕ್ಯೂಬಾಕ್ಕೆ ಹೋಗಿ ಹಣ ಮಾಡಿ ಮರಳಿದವರು ಕಟ್ಟಿಸಿದ ಮನೆಗಳು. ಆದರೆ ರೋಮನ್ ಅವಶೇಷ ನೋಡಲೆಂದೇ ಹೊರಟವರು ಅಲ್ಲಿ ಒಂದು ಗಂಟೆಗಿಂತ ಹೆಚ್ಚು ಕಳೆಯಬೇಕಾಗಿಲ್ಲ.

ಮಂಡಿನೋವಿನ ವಿಷಯವನ್ನು ಬುಕಿಂಗ್ ಮಾಡುವಾಗಲೇ ತಿಳಿಸಿ. ಹಳೆಯ ಊರು ದಿಬ್ಬದ ಮೇಲಿದೆ, ಓಣಿಗಳು ಕಲ್ಲುಹಾಸಿನವು. ಬಸ್ಸನ್ನು ಮೇಲ್ಭಾಗದಲ್ಲಿ ನಿಲ್ಲಿಸಿ ಇಳಿಜಾರಿನಲ್ಲಿ ವೃತ್ತರಂಗದತ್ತ ನಡೆಸುವ ಪ್ರವಾಸವಾದರೆ ನಿಮ್ಮವರಿಗೆ ಅರ್ಧ ಶ್ರಮ ಉಳಿಯುತ್ತದೆ. ಸೋಮವಾರ ಹೋಗಬೇಡಿ, ಸ್ಮಾರಕಗಳು ಸಾಮಾನ್ಯವಾಗಿ ಅಂದು ಮುಚ್ಚಿರುತ್ತವೆ. ಮುಂದೆಂದಾದರೂ ರೈಲಿನಲ್ಲೇ ಹೋಗುವುದಾದರೆ ಕಡಲತಡಿಯ ಹಳೆಯ ನಿಲ್ದಾಣದಲ್ಲಿ ಇಳಿಯಿರಿ. ವೇಗದ ರೈಲುಗಳ ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ಆಚೆಗಿದೆ.

ಪ್ರಶ್ನೆ: ಇದೇ ಪ್ರವಾಸಕ್ಕೆ ಮೇ ತಿಂಗಳಲ್ಲಿ ನಾವೂ ಹೊರಟಿದ್ದೇವೆ. ಸಸ್ಯಾಹಾರಿಗಳಿಗೆ ಮಧ್ಯಾಹ್ನದ ಊಟ ಸಿಗುವುದೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಸಿಗುತ್ತದೆ. ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ಬ್ರೆಡ್ ಎಲ್ಲೆಡೆ ಇದೆ. ‘ಎಸ್ಕಲಿವಾದಾ’ ಎಂದು ಕೇಳಿದರೆ ಸುಟ್ಟ ಬದನೆಕಾಯಿ ಮತ್ತು ದಪ್ಪಮೆಣಸಿನಕಾಯಿ ಕೊಡುತ್ತಾರೆ, ಮೇಲೆ ಮೀನು ಹಾಕಬೇಡಿ ಎಂದು ಮೊದಲೇ ಹೇಳಿ. ಬಾದಾಮಿ, ಹೇಝಲ್‌ನಟ್, ಒಣಮೆಣಸು, ಬೆಳ್ಳುಳ್ಳಿ ಅರೆದು ಮಾಡುವ ‘ರೊಮೆಸ್ಕೊ’ ತಾರಾಗೋನದ್ದೇ ಚಟ್ನಿ. ತರಕಾರಿಯದೆಂದು ಹೇಳಿ ಬಡಿಸುವ ಅನ್ನವನ್ನು ಮೀನಿನ ಅಥವಾ ಕೋಳಿಯ ರಸದಲ್ಲಿ ಬೇಯಿಸಿರಬಹುದಾದ್ದರಿಂದ ಅದನ್ನು ವಿಚಾರಿಸಿಯೇ ತಿನ್ನಿ. ಅಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಹೊತ್ತಿಗೆ, ಹಾಗಾಗಿ ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ಮುಗಿಸಿಕೊಂಡೇ ಬಸ್ ಹತ್ತಿರಿ.