ನಡೆದದ್ದೆಲ್ಲ ಇದೆ, ಕಥೆ ಮಾತ್ರ ಇಲ್ಲ

ಪ್ರಶ್ನೆ: ನಮ್ಮ ಅಜ್ಜಿಯ ಬದುಕನ್ನು ಕಾದಂಬರಿಯಾಗಿಸಲು ಹೊರಟು 140 ಪುಟ ಬರೆದಿದ್ದೇನೆ. ಮದುವೆ, ಬರಗಾಲ, ಅಜ್ಜನ ಸಾವು, ಮೂವರು ಗಂಡುಮಕ್ಕಳು ಪಾಲಾದದ್ದು, ಎಲ್ಲವೂ ನಡೆದಂತೆಯೇ ಇದೆ. ಅಜ್ಜಿ ಸಹನಾಮೂರ್ತಿಯೆಂದು ಮೊದಲ ಅಧ್ಯಾಯದಲ್ಲೇ ವಿವರಿಸಿದ್ದೇನೆ. ಆದರೂ ಓದಿದವರು ‘ಘಟನೆಗಳಿವೆ, ಕಥೆಯಿಲ್ಲ’ ಎನ್ನುತ್ತಾರೆ. ಕಾದಂಬರಿಕಾರರು ಪಾತ್ರವನ್ನು ಕಟ್ಟುವುದು ಹೇಗೆ? ಮಾದರಿಗೆ ಒಂದು ಅಧ್ಯಾಯ ಕಳುಹಿಸಿದ್ದೇನೆ.
— ನಿವೃತ್ತ ಶಿಕ್ಷಕಿ, ಅರಸೀಕೆರೆ

ಉತ್ತರ: ನಿಮ್ಮ ಅಧ್ಯಾಯವನ್ನು ಎರಡು ಸಲ ಓದಿದೆ. ಓದಿದವರು ಹೇಳಿದ್ದು ಸರಿ, ಆದರೆ ಪೂರ್ತಿ ಸರಿಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಶುರುವಾಗುವ ಬಗೆಯನ್ನು ನೆನಪಿಸಿಕೊಳ್ಳಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತ ಎಂಬುದು ಬರಿಯ ಸುದ್ದಿ. ಆದರೆ ಹೆಣ ಎತ್ತುವ ತನಕ ಅಲ್ಲಿ ಯಾರೂ ಉಣ್ಣುವಂತಿಲ್ಲ, ಪೂಜೆ ಮಾಡುವಂತಿಲ್ಲ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದವನಿಗೆ ಸಂಸ್ಕಾರ ಮಾಡಬೇಕಾದವರು ಯಾರೆಂಬುದು ಇತ್ಯರ್ಥವಾಗದೆ ಹೆಣ ಎತ್ತುವಂತೆಯೂ ಇಲ್ಲ. ಒಬ್ಬನ ಸಾವು ಹೀಗೆ ಇಡೀ ಅಗ್ರಹಾರದ ಹಸಿವಿಗೆ ಗಂಟುಬಿದ್ದ ಕ್ಷಣದಿಂದ ಅದು ಕಥೆ. ಆಗ ನಾರಣಪ್ಪನೊಡನೆ ಬಾಳಿದ ಚಂದ್ರಿ ಮೈಮೇಲಿನ ಒಡವೆಗಳನ್ನು ಬಿಚ್ಚಿ, ಸಂಸ್ಕಾರದ ಖರ್ಚಿಗೆಂದು ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ. ಅದುವರೆಗೆ ತಮಗೆ ಸಂಬಂಧವಿಲ್ಲವೆಂದು ಜಾರಿಕೊಳ್ಳುತ್ತಿದ್ದವರ ಮನಸ್ಸು ಚಿನ್ನ ಕಂಡೊಡನೆ ಹೊರಳುತ್ತದೆ. ಅವರ ಆಸೆಬುರುಕತನದ ಬಗ್ಗೆ ಪುಟಗಟ್ಟಲೆ ಬರೆದರೂ ಆಗದ ಕೆಲಸವನ್ನು ಆ ಒಡವೆಯ ಗುಡ್ಡೆ ಮಾಡಿಬಿಡುತ್ತದೆ. ಹುಟ್ಟಿದ ಊರು, ಮೈಬಣ್ಣ, ಇಷ್ಟದ ತಿಂಡಿ ಎಂದು ಪಾತ್ರಗಳ ಜಾತಕವನ್ನು ಮೊದಲೇ ಬರೆದಿಟ್ಟುಕೊಳ್ಳುವಂತೆ ಕೆಲವು ಕಮ್ಮಟಗಳಲ್ಲಿ ಹೇಳಿಕೊಡುತ್ತಾರೆ. ನನಗಂತೂ ಅದರಲ್ಲಿ ನಂಬಿಕೆಯಿಲ್ಲ.

‘ನಡೆದಂತೆಯೇ ಇದೆ’ ಎಂಬ ನಿಮ್ಮ ಮಾತಿಗೆ ಬರೋಣ. ಭೈರಪ್ಪನವರು ಬಾಲ್ಯದಲ್ಲಿ ಪ್ಲೇಗಿನಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ಆ ಅನುಭವ ಆತ್ಮಕಥೆ ‘ಭಿತ್ತಿ’ಯಲ್ಲಿದೆ; ಅದಕ್ಕೆ ಎಷ್ಟೋ ವರ್ಷ ಮೊದಲೇ, 1970ರ ‘ಗೃಹಭಂಗ’ದಲ್ಲಿಯೂ ಇದೆ. ಆತ್ಮಕಥೆಯಲ್ಲಿ ಅದು ಬದುಕಿ ಉಳಿದ ಹುಡುಗನ ಕಥೆಯಾದರೆ, ಕಾದಂಬರಿಯಲ್ಲಿ ಹುಡುಗ ಪಕ್ಕಕ್ಕೆ ಸರಿದಿದ್ದಾನೆ. ಕಥೆಯ ಭಾರವೆಲ್ಲ ಅವನ ತಾಯಿ ನಂಜಮ್ಮನ ಮೇಲೆ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವ ಹೆಂಗಸು ಅವಳು. ಅವಳು ಒಂದೊಂದೇ ಕಡ್ಡಿ ಚುಚ್ಚಿ ಕಟ್ಟಿಕೊಂಡ ಮನೆಯನ್ನು ನಾವು ನೋಡಿರುವುದರಿಂದಲೇ, ಪ್ಲೇಗು ಬಂದಾಗ ಅದು ಏನನ್ನು ಕಿತ್ತುಕೊಂಡಿತೆಂಬುದು ನಮಗೆ ತಟ್ಟುತ್ತದೆ. ನಡೆದದ್ದು ಯಾರಿಗೆ ನಡೆಯಿತು ಎಂದು ಗೊತ್ತುಮಾಡಿಕೊಳ್ಳುವುದು ಕಾದಂಬರಿಕಾರನ ಮೊದಲ ಕೆಲಸ. ಕ್ರಮ, ವೇಗ, ಭಾಷೆ ಎಲ್ಲ ಅದರ ಹಿಂದೆ ಬರುತ್ತವೆ.

ನಿಮ್ಮ ಅಧ್ಯಾಯದ ಒಂಬತ್ತನೆಯ ಪುಟದಲ್ಲಿ ಒಂದು ವಾಕ್ಯವಿದೆ: ‘ಪಾಲಾದ ರಾತ್ರಿ ಅಜ್ಜಿ ಮೂರು ಒಲೆಗಳಲ್ಲಿ ಯಾವುದರ ಅನ್ನವನ್ನೂ ಉಣ್ಣಲಿಲ್ಲ.’ ಇಷ್ಟು ಬರೆದು, ಮರುವಾಕ್ಯದಲ್ಲೇ ಪಾಲುಪಟ್ಟಿಯ ಸರ್ವೆ ನಂಬರುಗಳಿಗೆ ಹೊರಟುಬಿಟ್ಟಿದ್ದೀರಿ! ಅಲ್ಲೇ ನಿಲ್ಲಬೇಕಿತ್ತು. ಯಾವ ಸೊಸೆ ಮೊದಲು ಕರೆದಳು, ಯಾರು ಕರೆಯಲೇ ಇಲ್ಲ, ಹಂಚಿಹೋದ ಪಾತ್ರೆಗಳ ನಡುವೆ ಅಜ್ಜಿ ನೀರು ಕುಡಿದದ್ದು ಯಾವ ಚೊಂಬಿನಲ್ಲಿ, ಅದು ಯಾರ ಪಾಲಿಗೆ ಬಂದ ಚೊಂಬು? ಬೆಳಗಾದ ಮೇಲೆ ಅವರು ಯಾವುದಾದರೂ ಒಂದು ಒಲೆಯ ಮುಂದೆ ಕೂರಲೇಬೇಕು, ಕೂತರೆ ಇಬ್ಬರು ಮಕ್ಕಳಿಗೆ ಬೆನ್ನು ತಿರುಗಿಸಿದಂತೆ. ಕಾದಂಬರಿಯನ್ನು ಈ ರಾತ್ರಿಯಿಂದಲೇ ಆರಂಭಿಸಿ ನೋಡಿ. ಮದುವೆಯೂ ಅಜ್ಜನ ಸಾವೂ ಅಜ್ಜಿಗೆ ನೆನಪಾದಾಗ ಬರಲಿ. ಈ ಹಸಿವಿಗೂ ಬರಗಾಲದ ಹಸಿವಿಗೂ ನಂಟಿದ್ದರೆ ಬರಗಾಲ ಇರಲಿ, ಇಲ್ಲದಿದ್ದರೆ ಬಿಡಿ. ‘ಸಹನಾಮೂರ್ತಿ’ ಎಂಬ ಪದವನ್ನು ಹೊಡೆದುಹಾಕಿ. ಉಣ್ಣದೆ ಕೂತವರದು ಸಹನೆಯೋ ಹಟವೋ ಎಂಬುದನ್ನು ಓದುಗರೇ ಹೇಳಲಿ.

ಪ್ರಶ್ನೆ: ಬರೆಯುತ್ತ ಬರೆಯುತ್ತ ಪಾತ್ರಗಳು ಲೇಖಕರ ಕೈಮೀರಿ ನಡೆಯುತ್ತವೆ ಎನ್ನುತ್ತಾರೆ. ಇದು ನಿಜವೇ?
— ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಪವಾಡವೇನಲ್ಲ. ಬರೆದ ಪುಟಗಳು ಮುಂದಿನ ಪುಟಗಳ ದಾರಿ ಕಟ್ಟುತ್ತ ಹೋಗುತ್ತವೆ, ಅಷ್ಟೇ. ಮೇಲಿನ ಪ್ರಶ್ನೆಯ ಅಜ್ಜಿಯನ್ನೇ ತೆಗೆದುಕೊಳ್ಳಿ. ಒಂದು ರಾತ್ರಿ ಉಪವಾಸ ಕೂತವರನ್ನು ಲೇಖಕಿ ಬೆಳಗಾಗುತ್ತಲೇ ನಗುನಗುತ್ತ ಹಿರಿಮಗನ ಮನೆಗೆ ಕಳುಹಿಸಲಾರರು. ಕಳುಹಿಸಲೇಬೇಕೆಂದರೆ ಆ ರಾತ್ರಿಯಲ್ಲಿ ಇನ್ನೇನೋ ನಡೆದಿರಬೇಕು. ಲೇಖಕಿ ಹಿಂದಕ್ಕೆ ಹೋಗಿ ಅದನ್ನು ಹುಡುಕಬೇಕು.